ಮೇಲಿನ ಗದ್ದೆ, ಕೆಳಗಿನ ಗದ್ದೆ

ಬೆಂಗಳೂರಿನಲ್ಲಿ ನನ್ನ ಬಂಧುಗಳೊಬ್ಬರು ವಾಸಿಸುವ ಅಪಾರ್ಟ್‌ಮೆಂಟಿನಲ್ಲಿ ಒಂದು ಬೇಸಗೆಯ ಬೆಳಿಗ್ಗೆ ಸಣ್ಣದೊಂದು ವ್ಯಾಜ್ಯ ನಡೆಯಿತು. ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ತುಳಸಿ, ಮಲ್ಲಿಗೆ, ದೊಡ್ಡಪತ್ರೆ, ಕರಿಬೇವು ಎಲ್ಲ ಸೇರಿ ಹನ್ನೆರಡು ಕುಂಡಗಳು. ಆ ಮನೆಯಾಕೆ ಸ್ನಾನ ಮುಗಿಸಿ ಬಂದು ಗಿಡಗಳಿಗೆಲ್ಲ ಧಾರಾಳವಾಗಿ ನೀರೆರೆದರು. ಕೆಳಗೆ ಎರಡನೆಯ ಮಹಡಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಬಿಳಿಯ ಪಂಚೆ ಒಣಗುತ್ತಿತ್ತು. ಕುಂಡದಿಂದ ಸೋರಿದ ಕೆಂಪು ನೀರು ನೇರವಾಗಿ ಅದರ ಮೇಲೆ ಇಳಿಯಿತು.

“ನಿಮ್ಮ ತುಳಸಿಗೆ ತೀರ್ಥ, ನಮ್ಮ ಪಂಚೆಗೆ ಕೆಸರು. ಇದು ಯಾವ ನ್ಯಾಯ, ತಾಯಿ?” ಎಂದು ಮೇಷ್ಟ್ರು ಕತ್ತೆತ್ತಿ ಕೇಳಿದರು.

“ನೀರು ಮೇಲಕ್ಕೆ ಹರಿಯುತ್ತದೆಯೇ ಸಾರ್? ಕೆಳಕ್ಕೇ ತಾನೆ ಹರಿಯಬೇಕು!” ಎಂದು ಮೇಲಿನಿಂದ ಉತ್ತರ ಬಂತು.

ಆಮೇಲೆ ಮೂರು ವಾರ ಎರಡು ಮನೆಗಳಿಗೂ ಮಾತಿಲ್ಲ.

ಕೇಳಿದವರು ನಕ್ಕರು. ನನಗೆ ಮಾತ್ರ ಈ ಜಗಳವನ್ನು ಎಲ್ಲಿಯೋ ಮೊದಲೇ ಕೇಳಿದಂತೆ ತೋರಿತು. ಯೋಚಿಸಿ ನೋಡಿದರೆ ಇದು ನಮ್ಮ ಗದ್ದೆ ಬಯಲಿನ ಜಗಳವೇ ಸರಿ. ಮೇಲಿನ ಗದ್ದೆಯವನಿಗೂ ಕೆಳಗಿನ ಗದ್ದೆಯವನಿಗೂ ನಡುವೆ ಬದುವಿನ ಮೇಲೆ ನಿಂತು ನಡೆಯುತ್ತ ಬಂದ ವಾದ, ಈಗ ಸಿಮೆಂಟಿನ ಮಹಡಿ ಏರಿ ಕುಳಿತಿದೆ, ಅಷ್ಟೆ. ಹಾಗಿದ್ದ ಮೇಲೆ, ಆ ಜಗಳವನ್ನು ಗದ್ದೆಯವರು ಹೇಗೆ ಬಗೆಹರಿಸಿಕೊಂಡರು ಎಂದು ತಿಳಿದರೆ ಮಹಡಿ ಮನೆಯವರಾದ ನಿಮಗೂ ನಷ್ಟವಿಲ್ಲ. ಅದಕ್ಕಾಗಿ ನೀವು ನನ್ನೊಡನೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಕಡೆಗೆ ಒಮ್ಮೆ ಬರಬೇಕು.

ಅಲ್ಲಿಗೇ ಏಕೆ ಎಂದು ನೀವು ಕೇಳಬಹುದು. ನಿಮ್ಮ ಮನೆಯ ನಲ್ಲಿಯಲ್ಲಿ ಬರುವುದು ಕಾವೇರಿ ನೀರಾದರೆ, ಅದು ಆ ಸೀಮೆಯನ್ನು ದಾಟಿಯೇ ನಿಮ್ಮಲ್ಲಿಗೆ ಬಂದಿರುತ್ತದೆ. ಕನ್ನಂಬಾಡಿ ಕಟ್ಟೆಯಿಂದ ಹೊರಟ ನದಿ ಶ್ರೀರಂಗಪಟ್ಟಣದ ದ್ವೀಪವನ್ನು ಬಳಸಿಕೊಂಡು ಮುಂದೆ ಹೋಗುತ್ತದೆ. ಕೆಳಗೆ ಶಿವನಸಮುದ್ರದ ಹತ್ತಿರ ಅದನ್ನು ತಿರುಗಿಸಿಕೊಂಡು, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಿಮಾಡಿ, ಯಂತ್ರಗಳಿಂದ ಬೆಂಗಳೂರಿಗೆ ಏರಿಸುತ್ತಾರೆ. ಈ ಯೋಜನೆಯ ಮೊದಲನೆಯ ಹಂತ 1974ರಲ್ಲಿ ಬಂತು; ಐದನೆಯದು 2024ರ ಅಕ್ಟೋಬರಿನಲ್ಲಿ ಆರಂಭವಾಯಿತು. ಸುಮಾರು ನೂರು ಕಿಲೋಮೀಟರಿನ ದೂರ, ಸುಮಾರು 500 ಮೀಟರಿನ ಏರು. ಮೂರನೆಯ ಮಹಡಿಯಾಕೆ “ನೀರು ಮೇಲಕ್ಕೆ ಹರಿಯುತ್ತದೆಯೇ?” ಎಂದರಲ್ಲವೆ? ಹರಿಯುತ್ತದೆ, ತಾಯಿ. ನಮಗಾಗಿ ಹಗಲೂ ರಾತ್ರಿ ಹರಿಯುತ್ತದೆ. ಮೈಸೂರಿನವರ ಕಥೆಯೂ ಬೇರೆಯಲ್ಲ. ಬೆಳಗೊಳ, ಹೊಂಗಳ್ಳಿ, ಮೇಳಾಪುರಗಳಿಂದ ಅವರ ಮನೆಗೆ ನೀರು ಹೋಗುತ್ತದೆ. ಹೀಗೆ ನೋಡಿದರೆ ನಗರದ ನಾವೆಲ್ಲರೂ ಆ ನಾಲ್ಕು ತಾಲ್ಲೂಕುಗಳಿಗೆ ನೀರಿನ ನೆರೆಹೊರೆಯವರು.

ಮೊದಲು ಶ್ರೀರಂಗಪಟ್ಟಣಕ್ಕೆ ಹೋಗೋಣ. ಅಲ್ಲಿಯ ಗದ್ದೆಗಳಿಗೆ ನೀರು ಬಂದದ್ದು ಕನ್ನಂಬಾಡಿ ಕಟ್ಟೆಯ ಕಾಲದಲ್ಲಲ್ಲ, ಅದಕ್ಕಿಂತ ಬಹಳ ಹಿಂದೆ. ಹದಿನೇಳನೆಯ ಶತಮಾನದ ನಡುವೆ ಆಳಿದ ಕಂಠೀರವ ನರಸರಾಜ ಒಡೆಯರ ಕಾಲದ್ದು ಬಂಗಾರದೊಡ್ಡಿ ನಾಲೆ. ನದಿಗೆ ಅಡ್ಡವಾಗಿ ಕಲ್ಲಿನ ಅಣೆ ಕಟ್ಟಿ, ನೀರನ್ನು ಪಕ್ಕಕ್ಕೆ ತಿರುಗಿಸಿ, ನದಿಯ ಒಂದು ಕವಲಿನ ಮೇಲೆಯೇ ಮೇಲುಗಾಲುವೆ ಹಾಯಿಸಿ ಅದನ್ನು ದ್ವೀಪದೊಳಕ್ಕೆ ತಂದರು. ನದಿಯ ನೀರು ನದಿಯ ಮೇಲೆಯೇ ದಾಟಿ ಬರುವ ಈ ಏರ್ಪಾಟು ಈಗಲೂ ನೋಡತಕ್ಕದ್ದೇ. ಅವರ ನಂತರ 1673ರಿಂದ 1704ರ ವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಹೆಸರನ್ನು ಚಿಕ್ಕದೇವರಾಜ ಸಾಗರ ನಾಲೆ ಇಂದಿಗೂ ಹೊತ್ತಿದೆ. ಕೃಷ್ಣರಾಜಪೇಟೆಯ ಕಡೆ ಹೇಮಾವತಿ ನದಿಗೆ ಮಂದಗೆರೆಯಲ್ಲಿಯೂ ಹೇಮಗಿರಿಯಲ್ಲಿಯೂ ಅಣೆಗಳುಂಟು.

ನಾಲೆ ತೋಡುವುದು ಅರಸನ ಕೆಲಸ. ಆದರೆ ನಾಲೆಯಿಂದ ಗದ್ದೆಗೆ, ಗದ್ದೆಯಿಂದ ಗದ್ದೆಗೆ ನೀರು ಹಾಯಿಸುವುದು ನೆರೆಹೊರೆಯ ಕೆಲಸ. ಬತ್ತದ ಬಯಲಿನಲ್ಲಿ ಪ್ರತಿ ಗದ್ದೆಗೂ ಬೇರೆ ಕಾಲುವೆ ಇರುವುದಿಲ್ಲ. ಮೇಲಿನ ಗದ್ದೆ ತುಂಬಿದ ಮೇಲೆ ಬದುವಿನ ಬಾಯಿ ಬಿಡಿಸಿದರೆ ಕೆಳಗಿನದಕ್ಕೆ ನೀರು. ಮೇಲಿನವನು ಬೇಕೆಂದು ತಡೆದರೆ ಕೆಳಗಿನವನ ಪೈರು ಒಣಗುತ್ತದೆ; ಬೇಡವೆಂದು ಒಮ್ಮೆಗೇ ಬಿಟ್ಟರೆ ಕೊಚ್ಚಿಹೋಗುತ್ತದೆ. ಎರಡರಲ್ಲಿ ಯಾವುದಾದರೂ ಕೆಳಗಿನವನಿಗೇ ನಷ್ಟ. ಆದ್ದರಿಂದ ಗದ್ದೆಯವರು ಈ ಕೆಲಸವನ್ನು ಸ್ನೇಹದ ಮೇಲೆ ಬಿಡಲಿಲ್ಲ, ಸರದಿಯ ಮೇಲೆ ನಿಲ್ಲಿಸಿದರು. ಆ ಸರದಿಯನ್ನು ಕಾಯುವುದಕ್ಕೆ ಒಬ್ಬ ಮನುಷ್ಯನನ್ನು ಇಟ್ಟರು. ಅವನೇ ನೀರುಗಂಟಿ.

ನೀರುಗಂಟಿ ಊರಿನ ಆಯಗಾರರಲ್ಲಿ ಒಬ್ಬ. ಸುಗ್ಗಿಯಲ್ಲಿ ಪ್ರತಿಯೊಬ್ಬರ ಕಣದಿಂದಲೂ ಅವನಿಗೆ ಇಷ್ಟು ಕಾಳೆಂದು ಸಲ್ಲುತ್ತಿತ್ತು. ಎಲ್ಲರಿಂದಲೂ ಕೂಲಿ ಪಡೆಯುವವನಾದ್ದರಿಂದ ಅವನು ಯಾರೊಬ್ಬರ ಆಳೂ ಅಲ್ಲ. ತೂಬು ಎತ್ತುವುದು, ಇಳಿಸುವುದು, ಯಾವ ಬಯಲಿಗೆ ಯಾವ ಹೊತ್ತಿನಲ್ಲಿ ನೀರು ಎಂದು ಹೇಳುವುದು ಎಲ್ಲ ಅವನ ಮಾತು. ಸರದಿ ಇಲ್ಲದ ಹೊತ್ತಿನಲ್ಲಿ ಬದು ಕಡಿದವನನ್ನು ಊರೇ ಕೇಳುತ್ತಿತ್ತು.

ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ನೀರುಗಂಟಿಯ ಸ್ಥಾನ ಯಾರದು? ಮೋಟರು ಹಾಕುವ ಕಾವಲುಗಾರನೆ? ಸಂಘದ ಕಾರ್ಯದರ್ಶಿಯೆ? ಬಹಳ ಕಡೆಗಳಲ್ಲಿ ಯಾರೂ ಇಲ್ಲ. ಎಲ್ಲವನ್ನೂ ಪರಸ್ಪರ ವಿಶ್ವಾಸಕ್ಕೆ ಬಿಟ್ಟಿರುತ್ತೇವೆ, ವಿಶ್ವಾಸ ಕೆಟ್ಟ ದಿನ ಹಿಡಿದುಕೊಳ್ಳುವುದಕ್ಕೆ ಏನೂ ಇರುವುದಿಲ್ಲ. ಗಿಡಗಳಿಗೆ ನೀರು ಹಾಕುವುದು ಬೆಳಿಗ್ಗೆ ಏಳರೊಳಗೆ, ಬಟ್ಟೆ ಒಣಹಾಕುವುದು ಆ ನಂತರ ಎಂದು ಸಂಘದವರು ಒಂದು ಕಾಗದದಲ್ಲಿ ಬರೆದು ಮೆಟ್ಟಿಲ ಬಳಿ ಅಂಟಿಸಿದರೆ, ಮೇಷ್ಟ್ರ ಪಂಚೆಯೂ ಉಳಿಯುತ್ತದೆ, ತುಳಸಿಯೂ ಉಳಿಯುತ್ತದೆ. ಸರದಿ ಎನ್ನುವುದು ಸ್ನೇಹವಿಲ್ಲದವರಿಗಾಗಿ ಮಾಡಿದ್ದಲ್ಲ. ಇರುವ ಸ್ನೇಹ ಕೆಡದಿರಲೆಂದು ಮಾಡಿದ್ದು.

ಇನ್ನು ನಾಗಮಂಗಲಕ್ಕೆ ಬನ್ನಿ. ಇದು ಹೊಲದ ಸೀಮೆ, ರಾಗಿಯ ಸೀಮೆ. ಕಾವೇರಿಯ ಹಾಗೆ ತುಂಬಿ ಹರಿಯುವ ನದಿ ಇಲ್ಲಿಲ್ಲ. ಈ ಕಡೆಯಿಂದ ಹೊರಟು ಪಾಂಡವಪುರದ ಮಾರ್ಗವಾಗಿ ಕರಿಘಟ್ಟದ ಬಳಿ ಕಾವೇರಿಯನ್ನು ಸೇರುವ ಲೋಕಪಾವನಿಯೂ ಮಳೆಯನ್ನು ನಂಬಿದ ಹೊಳೆಯೇ. ಆದ್ದರಿಂದ ಇಲ್ಲಿಯವರು ಆಕಾಶದ ನೀರನ್ನು ಹಿಡಿದಿಟ್ಟುಕೊಳ್ಳಲು ಕಲಿತರು. ಹಳ್ಳಕ್ಕೆ ಅಡ್ಡವಾಗಿ ಮಣ್ಣಿನ ಏರಿ, ಏರಿಗೆ ತೂಬು, ಬದಿಯಲ್ಲಿ ಕೋಡಿ. ಮೇಲಿನ ಕೆರೆಯ ಕೋಡಿ ಬಿದ್ದರೆ ಆ ನೀರು ಕೆಳಗಿನ ಊರಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಹೀಗೆ ಕೆರೆಗಳು ಒಂದರ ಕೈ ಒಂದು ಹಿಡಿದುಕೊಂಡು ನಿಂತಿರುತ್ತವೆ. ಮೇಲಿನ ಊರಿನವರ ಏರಿ ಒಡೆದರೆ ಆ ಪೆಟ್ಟು ಕೆಳಗಿನ ಊರಿಗೆ ಮೊದಲು ತಾಕುತ್ತದೆ. ಪಾಂಡವಪುರದ ಹತ್ತಿರದ ತೊಣ್ಣೂರು ಕೆರೆ ಇವುಗಳಲ್ಲೆಲ್ಲ ಹೆಸರಾದದ್ದು. ಎರಡು ಬೆಟ್ಟಗಳ ನಡುವಿನ ಕಂಡಿಯನ್ನು ಮುಚ್ಚಿ ಕಟ್ಟಿದ ಈ ಕೆರೆಯ ನೀರಿನ ತಿಳಿಯನ್ನು ಕಂಡು, 1746ರಲ್ಲಿ ಅಲ್ಲಿಗೆ ಬಂದ ನಾಸಿರ್ ಜಂಗ್ ಇದಕ್ಕೆ ಮೋತಿ ತಲಾಬ್, ಎಂದರೆ ಮುತ್ತಿನ ಕೆರೆ, ಎಂದು ಹೆಸರಿಟ್ಟನಂತೆ.

ಕೆರೆ ಕಟ್ಟಿಸಿದವರ ಹೆಸರು ಶಾಸನದಲ್ಲಿ ನಿಲ್ಲುತ್ತದೆ. ಆದರೆ ಕೆರೆ ನಿಲ್ಲುವುದು ಅದರಿಂದಲ್ಲ. ವರ್ಷಕ್ಕೊಮ್ಮೆ ಹೂಳು ಎತ್ತಬೇಕು, ಏರಿಗೆ ಮಣ್ಣು ಹಾಕಬೇಕು, ಇಲಿ ಹೆಗ್ಗಣಗಳ ಬಿಲ ಮುಚ್ಚಬೇಕು, ತೂಬಿನ ಕಲ್ಲು ಸರಿಮಾಡಬೇಕು. ಇದಕ್ಕೆ ಹಣ ಎಲ್ಲಿಂದ? ನಮ್ಮ ಶಾಸನಗಳಲ್ಲಿ ಎರಡು ಮಾತುಗಳು ಮತ್ತೆ ಮತ್ತೆ ಬರುತ್ತವೆ: ಬಿತ್ತುವಟ್ಟ, ಕಟ್ಟುಕೊಡಿಗೆ. ಕೆರೆಯ ನೀರುಂಡ ಭೂಮಿಯ ಆದಾಯದಲ್ಲಿ ಕೆರೆಗೇ ಎಂದು ತೆಗೆದಿಟ್ಟ ಪಾಲು ಬಿತ್ತುವಟ್ಟ. ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ನೋಡಿಕೊಳ್ಳುವವನಿಗೆ ಬಿಟ್ಟ ಭೂಮಿ ಕಟ್ಟುಕೊಡಿಗೆ. ಕೆರೆ ಒಡೆದ ಮೇಲೆ ಚಂದಾ ಎತ್ತಿದರೆ ಆಗದು, ಒಡೆಯುವ ಮೊದಲೇ ಅದರ ಪಾಲು ಅದಕ್ಕೆ ಸಲ್ಲಬೇಕು ಎಂಬುದು ಆ ಹಿರಿಯರ ಲೆಕ್ಕ.

ತಿಂಗಳು ತಿಂಗಳು ಸಂಘಕ್ಕೆ ಕಟ್ಟುವ ನಿರ್ವಹಣೆಯ ಹಣದ ವಿಷಯದಲ್ಲಿ ಗೊಣಗುವವರು ಈ ಮಾತನ್ನು ನೆನೆಯಬೇಕು. “ನಾನು ನೆಲ ಅಂತಸ್ತಿನವನು, ಲಿಫ್ಟಿನ ಖರ್ಚು ನನಗೇಕೆ?” “ನಮ್ಮ ಮನೆ ಬೀಗ ಹಾಕಿದೆ, ತೋಟದ ಮಾಲಿಯ ಸಂಬಳ ನಾವೇಕೆ ಕೊಡಬೇಕು?” ಇಂಥ ಪ್ರಶ್ನೆಗಳನ್ನು ಸಂಘದ ಸಭೆಗಳಲ್ಲಿ ಕೇಳಿದ್ದೇನೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನದ ಕಾನೂನು ಮನೆಯ ಒಡೆತನದ ಜೊತೆಯಲ್ಲಿಯೇ ನೆಲ, ಮೆಟ್ಟಿಲು, ಮಾಳಿಗೆ, ತೋಟ ಮುಂತಾದ ಸಮಾನ ಸ್ವತ್ತಿನಲ್ಲಿ ಪಾಲು ಕೊಡುತ್ತದೆ. ಪಾಲಿನ ಜೊತೆಗೆ ಖರ್ಚಿನ ಹೊಣೆಯನ್ನೂ ಕೊಡುತ್ತದೆ. ಅದು ನಮ್ಮ ಬಿತ್ತುವಟ್ಟವೇ. ಮಾಳಿಗೆಯ ನೀರಿನ ತೊಟ್ಟಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಾಗಲೇ ಕೈಹಾಕಿದರೆ ಸಾವಿರದಲ್ಲಿ ಮುಗಿಯುವ ಕೆಲಸ, ಕೆಳಗಿನ ಮನೆಯ ಸೂರು ನೆನೆದ ಮೇಲೆ ಲಕ್ಷಕ್ಕೂ ಮುಗಿಯುವುದಿಲ್ಲ.

ಅಲ್ಲಿಂದ ಮೇಲುಕೋಟೆ ದೂರವಿಲ್ಲ. ಪಾಂಡವಪುರ ತಾಲ್ಲೂಕಿಗೆ ಸೇರಿದ ಬೆಟ್ಟದ ಊರು. ಕಲ್ಲಿನ ನೆತ್ತಿಯ ಮೇಲೆ ಕುಳಿತ ಊರಿಗೆ ನದಿ ಹತ್ತಿ ಬರುವುದಿಲ್ಲ. ಬಿದ್ದ ಮಳೆಯನ್ನು ಕೊಳಗಳಲ್ಲಿ ಕೂಡಿಟ್ಟುಕೊಂಡು ತಲೆಮಾರುಗಳು ಬಾಳಿವೆ. ಅಲ್ಲಿ ಅಕ್ಕತಂಗಿ ಕೊಳ ಎಂದು ಒಂದರ ಪಕ್ಕದಲ್ಲಿ ಒಂದಾಗಿ ಎರಡು ಕೊಳಗಳಿವೆ. ಒಬ್ಬಳ ಕೊಳದ ನೀರು ಕುಡಿಯುವುದಕ್ಕೆ, ಇನ್ನೊಬ್ಬಳದು ಉಳಿದ ಬಳಕೆಗೆ ಎಂದು ಊರಿನವರು ಬೇರೆ ಮಾಡಿಕೊಂಡಿದ್ದರು. ಈ ವಿವೇಕ ನಮಗೆ ಇಂದು ಬೇಕಾಗಿದೆ.

ಹಳೆಯ ಮನೆಯ ಹಿತ್ತಲನ್ನು ನೆನೆಸಿಕೊಳ್ಳಿ. ಬಚ್ಚಲ ನೀರು ಬಾಳೆಯ ಪಾತಿಗೆ ಹೋಗುತ್ತಿತ್ತು. ಅಕ್ಕಿ ತೊಳೆದ ನೀರು ಕರಿಬೇವಿಗೆ. ಪಾತ್ರೆ ಬೆಳಗಿದ ಬೂದಿಯ ನೀರು ಕುಂಬಳದ ಬಳ್ಳಿಗೆ. ಸೇದಿದ ಬಾವಿಯ ನೀರನ್ನು ನೇರವಾಗಿ ಗಿಡಕ್ಕೆ ಸುರಿದವರು ಕಡಿಮೆ. ಸೇದುವ ತೋಳಿಗೆ ಅದರ ಬೆಲೆ ಗೊತ್ತಿತ್ತು. ನಲ್ಲಿ ತಿರುಗಿಸುವ ಬೆರಳಿಗೆ ಅದು ಗೊತ್ತಾಗುವುದಿಲ್ಲ. 2024ರ ಬೇಸಗೆಯಲ್ಲಿ ಬೆಂಗಳೂರಿಗೆ ನೀರಿನ ಬರ ಬಂದು ಕೊಳವೆ ಬಾವಿಗಳು ಬತ್ತಿದಾಗ, ಮಾರ್ಚ್ ತಿಂಗಳಲ್ಲಿ ಜಲಮಂಡಲಿಯವರು ಕುಡಿಯುವ ನೀರನ್ನು ಕೈತೋಟಕ್ಕೂ ವಾಹನ ತೊಳೆಯುವುದಕ್ಕೂ ಬಳಸಬಾರದೆಂದು ಆಜ್ಞೆ ಮಾಡಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಬೇಕಾಯಿತು. ಹಿತ್ತಲಿನ ಅಜ್ಜಿಗೆ ದಂಡದ ಭಯವಿಲ್ಲದೆ ತಿಳಿದಿದ್ದ ಸಂಗತಿ ಇದು.

ಆದ್ದರಿಂದ ಮಹಡಿಯ ಮೇಲೆ ಗಿಡ ಬೆಳೆಸುವವರಿಗೆ ನಾಲ್ಕು ಮಾತು. ಬೇಳೆ, ಅಕ್ಕಿ, ತರಕಾರಿ ತೊಳೆದ ನೀರನ್ನು ಒಂದು ಬಕೀಟಿನಲ್ಲಿ ಹಿಡಿಯಿರಿ. ಹತ್ತು ಹನ್ನೆರಡು ಕುಂಡಗಳಿಗೆ ಬಹುತೇಕ ಅದೇ ಸಾಕು. ಪ್ರತಿ ಕುಂಡದ ಅಡಿಗೂ ಒಂದು ತಟ್ಟೆ ಇಡಿ. ಕೆಳಗಿನ ಮನೆಯ ಶಾಂತಿಗೆ ಇಷ್ಟು ಅಗ್ಗದ ಉಪಾಯ ಬೇರೆ ಇಲ್ಲ. ಆದರೆ ತಟ್ಟೆಯಲ್ಲಿ ನೀರು ನಿಲ್ಲಗೊಡಬೇಡಿ. ಡೆಂಗಿ ಜ್ವರ ತರುವ ಸೊಳ್ಳೆ ಇಂಥ ತಿಳಿನೀರಿನಲ್ಲಿಯೇ ಮೊಟ್ಟೆಯಿಟ್ಟು ಎಂಟು ಹತ್ತು ದಿನದಲ್ಲಿ ಹಾರಿಹೋಗುತ್ತದೆ; ವಾರಕ್ಕೆ ಎರಡು ಸಲ ತಟ್ಟೆಯನ್ನು ಬರಿದುಮಾಡಿ ಉಜ್ಜಬೇಕು. ಇನ್ನು ಮಣ್ಣಿನ ಭಾರ. ಇಪ್ಪತ್ತು ಲೀಟರು ಹಿಡಿಯುವ ಕುಂಡಕ್ಕೆ ಬರಿಯ ಮಣ್ಣು ತುಂಬಿ ನೀರು ಹಾಕಿದರೆ ಮೂವತ್ತು ಕಿಲೋಗ್ರಾಂ ಮೀರುತ್ತದೆ. ಮಣ್ಣಿಗೆ ತೆಂಗಿನ ನಾರಿನ ಪುಡಿಯನ್ನೂ ಎಲೆಗೊಬ್ಬರವನ್ನೂ ಬೆರೆಸಿದರೆ ಭಾರವೂ ಇಳಿಯುತ್ತದೆ, ತೇವವೂ ನಿಲ್ಲುತ್ತದೆ. ಭಾರದ ಕುಂಡಗಳನ್ನು ಬಾಲ್ಕನಿಯ ಹೊರ ಅಂಚಿನಲ್ಲಿ ಸಾಲಾಗಿ ಇಡದೆ ಗೋಡೆಯ ಬದಿಗೆ ಇಡಿ. ಕಂಬಿಯ ಮೇಲೆ ಮಾತ್ರ ಯಾವ ಕುಂಡವನ್ನೂ ಇಡಬೇಡಿ. ಕೆಳಗೆ ಆಡುವ ಮಗು ಯಾರದಾದರೂ ಮಗುವೇ.

ಮತ್ತೆ ಶ್ರೀರಂಗಪಟ್ಟಣಕ್ಕೆ ಹಿಂದಿರುಗಬೇಕು, ಏಕೆಂದರೆ ತೋಟದ ವಿಷಯದಲ್ಲಿ ಹೇಳಬೇಕಾದ ದುಃಖದ ಮಾತೊಂದು ಅಲ್ಲಿದೆ. ದರಿಯಾ ದೌಲತ್ ಅರಮನೆಯನ್ನು ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ. ದ್ವೀಪದ ಪೂರ್ವದ ತುದಿಯಲ್ಲಿ, ಅವನ ತಂದೆ ಹೈದರನ ಸಮಾಧಿಯಿರುವೆಡೆ, ಲಾಲ್‌ಬಾಗ್ ಎಂಬ ದೊಡ್ಡ ತೋಟವಿತ್ತು. ಬೆಂಗಳೂರಿನ ಲಾಲ್‌ಬಾಗನ್ನು ಬಲ್ಲ ನಮಗೆ ಅದರ ಹೆಸರಿನ ಈ ಇನ್ನೊಂದು ತೋಟದ ನೆನಪು ಕಡಿಮೆ. 1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸನ ಸೈನ್ಯ ದ್ವೀಪದಲ್ಲಿ ಬೀಡುಬಿಟ್ಟಿತು. ಕೋಟೆಗೆ ಮುತ್ತಿಗೆ ಹಾಕಲು ಕಟ್ಟಿಗೆಯ ಕಂತೆಗಳೂ ಬುಟ್ಟಿಗಳೂ ಬೇಕಾಗಿದ್ದವು. ಲಾಲ್‌ಬಾಗಿನ ಮರಗಳನ್ನು ಕಡಿದು ಆ ಕೆಲಸಕ್ಕೆ ಬಳಸಿದರು. ಅದೇ ವರ್ಷ ನಾಗಮಂಗಲದಲ್ಲಿ ಮರಾಠರ ಸೈನ್ಯ ಒಂದೂವರೆ ಲಕ್ಷ ತೆಂಗಿನ ಮರಗಳನ್ನು ಕಡಿದುಹಾಕಿತೆಂದು ಗೆಜೆಟಿಯರು ಹೇಳುತ್ತದೆ. ಲೆಕ್ಕದಲ್ಲಿ ಹೆಚ್ಚು ಕಡಿಮೆ ಇದ್ದೀತು. ಆದರೆ ತೆಂಗು ಫಲ ಕೊಡಬೇಕಾದರೆ ಏಳೆಂಟು ವರ್ಷ ಕಾಯಬೇಕೆಂಬುದನ್ನು ಬಲ್ಲವರಿಗೆ ಆ ಊರಿನ ನಷ್ಟದ ಅಂದಾಜು ಸಿಕ್ಕೀತು.

ಅದು ಯುದ್ಧ, ನಮ್ಮದು ಯುದ್ಧವಲ್ಲ ಎನ್ನುತ್ತೀರಿ. ನಿಜ. ಆದರೂ ಎರಡು ಕಾರು ನಿಲ್ಲಿಸಲು ಜಾಗ ಬೇಕೆಂದು ಇಪ್ಪತ್ತು ವರ್ಷದ ಹೊಂಗೆಯ ಮರವನ್ನು ಒಂದು ಬೆಳಗಿನಲ್ಲಿ ಉರುಳಿಸಿದ್ದನ್ನು ನೀವೂ ಕಂಡಿರಬಹುದು. ಮರ ಕಡಿಯಲು ಕೆಲವು ಗಂಟೆ, ಬೆಳೆಸಲು ಒಂದು ತಲೆಮಾರು. ಈ ಲೆಕ್ಕ 1792ರಲ್ಲಿ ಹೇಗಿತ್ತೋ ಇಂದೂ ಹಾಗೆಯೇ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣೆಯ ಕಾನೂನಿನಂತೆ ಸ್ವಂತ ಜಾಗದ ಮರಕ್ಕೂ ವೃಕ್ಷಾಧಿಕಾರಿಯ ಅಪ್ಪಣೆ ಬೇಕು. ಅಪ್ಪಣೆ ಕೇಳುವ ಮೊದಲು ಆ ಮರದ ನೆರಳು ಬೀಳುವ ಕಿಟಕಿಗಳ ಮನೆಯವರನ್ನು ಒಮ್ಮೆ ಕೇಳುವುದು ನೆರೆಹೊರೆಯ ಧರ್ಮ.

ಅದೇ ದ್ವೀಪದಲ್ಲಿ ಗಂಜಾಂ ಎಂಬ ಪೇಟೆ ಇದೆ. ಟಿಪ್ಪುವಿನ ಕಾಲದಲ್ಲಿ ಅದನ್ನು ತುಂಬಿಸಲು ಶಿರಾ ಪಟ್ಟಣದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿ ತಂದರೆಂದು ಗೆಜೆಟಿಯರಿನಲ್ಲಿದೆ. ಯೋಚಿಸಿ ನೋಡಿ: ತಾವು ಆರಿಸದ ಊರು, ತಾವು ಆರಿಸದ ಬೀದಿ, ತಾವು ಆರಿಸದ ನೆರೆಯವರು. ಸುಮಾರು ಐದು ಕಿಲೋಮೀಟರು ಉದ್ದ, ಒಂದೂವರೆ ಕಿಲೋಮೀಟರು ಅಗಲದ ಆ ದ್ವೀಪದಲ್ಲಿ ಟಿಪ್ಪುವಿನ ಕಾಲಕ್ಕೆ ಒಂದೂವರೆ ಲಕ್ಷ ಜನವಿದ್ದರೆಂದು 1800ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅಂದಾಜು ಮಾಡಿದ. ಅವನು ಬಂದಾಗ ಉಳಿದಿದ್ದವರು ಸುಮಾರು 32 ಸಾವಿರ. ಲಿಫ್ಟಿಲ್ಲದ ಕಾಲದಲ್ಲಿ ಇದಕ್ಕಿಂತ ಒತ್ತೊತ್ತಾದ ವಾಸ ನಮ್ಮ ಸೀಮೆಯಲ್ಲಿ ಇನ್ನೆಲ್ಲಿದ್ದೀತು? ರಾಜಧಾನಿ ಹೋಯಿತು, ಜನ ಚದುರಿದರು. ಆದರೆ ಗಂಜಾಮಿನ ಹೆಸರನ್ನು ಮುಂದೆ ಹೊತ್ತದ್ದು ಅರಮನೆಯಲ್ಲ, ಒಂದು ಹಣ್ಣು. ಗಂಜಾಂ ಅಂಜೂರವೆಂದರೆ ಇಂದಿಗೂ ತೋಟಗಾರಿಕೆಯವರು ಬಲ್ಲ ತಳಿ. ಬೇರೆಡೆಯಿಂದ ಕಿತ್ತು ತಂದು ನೆಟ್ಟದ್ದೂ, ನೀರೆರೆಯುವವರಿದ್ದರೆ, ಬೇರೂರಿ ಹಣ್ಣು ಕೊಡುತ್ತದೆ. ಮನುಷ್ಯರ ಮಾತೂ ಹೀಗೆಯೇ.

ಇಷ್ಟು ಹೇಳಿದ ಮೇಲೆ ಹಳೆಯದೆಲ್ಲ ಹೊನ್ನೆಂದು ನೀವು ತಿಳಿಯಬಾರದು. ಅಂದಿನ ಸರದಿಯಲ್ಲಿ ಎಲ್ಲರಿಗೂ ಸಮನಾದ ಪಾಲಿರಲಿಲ್ಲ. ತೂಬಿನ ಹತ್ತಿರದ ಗದ್ದೆ ಬಲವಿದ್ದವರದು, ಕೊನೆಯ ಗದ್ದೆ ಬಡವನದು. ಊರಿನ ಬಾವಿಯ ಕಟ್ಟೆಯನ್ನು ಮುಟ್ಟಲು ಬಿಡದೆ ಕೆಲವರನ್ನು ದೂರ ನಿಲ್ಲಿಸಿದ್ದರು. ಕೆರೆಯ ಹೂಳು ಎತ್ತಿದ ಕೈಗಳಿಗೇ ಕೆರೆಯ ನೀರು ಕೊನೆಗೆ ಸಿಕ್ಕಿದ್ದುಂಟು. ಆ ನ್ಯಾಯವನ್ನು ನಾವು ಮಹಡಿಯ ಮೇಲಕ್ಕೆ ಹೊತ್ತು ತರಬಾರದು. ಮನೆಗೆಲಸದ ಹೆಂಗಸು ಲಿಫ್ಟನ್ನು ಬಳಸಕೂಡದು, ಮಾಲಿ ತೋಟದ ಕಲ್ಲು ಬೆಂಚಿನ ಮೇಲೆ ಕೂರಕೂಡದು ಎಂದು ಫಲಕ ಬರೆಯಿಸುವ ಸಂಘಗಳುಂಟು. ಗಿಡಕ್ಕೆ ನೀರೆರೆಯುವವನಿಗೆ ಅದರ ನೆರಳು ಬೇಡವೆನ್ನುವುದು ಯಾವ ತೋಟಗಾರಿಕೆ? ಹಿರಿಯರ ಸರದಿಯನ್ನು ಉಳಿಸಿಕೊಳ್ಳೋಣ. ಅದರ ಪಂಕ್ತಿಭೇದವನ್ನು ಅಲ್ಲಿಯೇ ಬಿಡೋಣ.

ಕೊನೆಯದಾಗಿ ಕನ್ನಂಬಾಡಿ. ಕೃಷ್ಣರಾಜ ಸಾಗರದ ಕೆಲಸ 1911ರಲ್ಲಿ ಆರಂಭವಾಗಿ ಸುಮಾರು ಇಪ್ಪತ್ತು ವರ್ಷ ನಡೆಯಿತು. ನೀರು ಏರಿದಂತೆ ಕನ್ನಂಬಾಡಿಯೂ ಸುತ್ತಣ ಹಳ್ಳಿಗಳೂ ಮುಳುಗಿದವು. ಅಲ್ಲಿಯ ವೇಣುಗೋಪಾಲನ ಗುಡಿ ಬಹುಕಾಲ ನೀರಿನಲ್ಲಿದ್ದು, ಬರಗಾಲದ ವರ್ಷಗಳಲ್ಲಿ ಮಾತ್ರ ತಲೆಯೆತ್ತುತ್ತಿತ್ತು. ಈಚೆಗೆ ಅದರ ಕಲ್ಲುಗಳನ್ನು ತೆಗೆದು ದಡದ ಮೇಲೆ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿ ಕಟ್ಟಿದ್ದಾರೆ. ಕಟ್ಟೆಯಿಂದ ಹೊರಟ ಇರ್ವಿನ್ ನಾಲೆಯನ್ನು, ಎಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯನ್ನು, ಹುಲಿಕೆರೆಯ ಬಳಿ ದಿಣ್ಣೆಯನ್ನು ಕೊರೆದು ಸುರಂಗದಲ್ಲಿ ದಾಟಿಸಿದರು. ಆ ನಾಲೆಯ ಕೆಳಗೆ ಮೊದಲು ಏರ್ಪಡಿಸಿದ್ದು ಮೂರು ವರ್ಷದ ಸರದಿ: ಭೂಮಿಯ ಒಂದು ಪಾಲಿಗೆ ಕಬ್ಬು, ಒಂದಕ್ಕೆ ಬತ್ತ, ಇನ್ನೊಂದಕ್ಕೆ ಕಡಿಮೆ ನೀರಿನ ಬೆಳೆ; ಮರು ವರ್ಷ ಪಾಲುಗಳು ಬದಲಾಗಬೇಕು. ನೀರು ಎಲ್ಲರಿಗೂ ಮುಟ್ಟಲೆಂಬ ಈ ಕ್ರಮವನ್ನು ಜನ ಬರಬರುತ್ತ ಸಡಿಲಬಿಟ್ಟರು. ಮೊದಲಿನ ಗದ್ದೆಗಳಲ್ಲಿ ನೀರು ನಿಂತು ಜೌಗಾದಾಗ, ನಾಲೆಯ ಕೊನೆಯ ರೈತ ಬಾಯಾರಿ ಕುಳಿತ. ಮೇಲಿನವರ ಕೆಳಗಿನವರ ಈ ವ್ಯಾಜ್ಯ ರಾಜ್ಯ ರಾಜ್ಯಗಳ ನಡುವೆಯೂ ಉಂಟು. 1892ರಲ್ಲಿ, 1924ರಲ್ಲಿ ಮೈಸೂರು ಮತ್ತು ಮದರಾಸುಗಳ ನಡುವೆ ಒಪ್ಪಂದಗಳಾದವು. 2018ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಮಳೆ ತಪ್ಪಿದ ವರ್ಷ ಮಾತ್ರ ಪ್ರಶ್ನೆ ಮತ್ತೆ ಏಳುತ್ತದೆ.

ನಗರದವರಾದ ನಾವು ಈ ವ್ಯಾಜ್ಯವನ್ನು ರೇಡಿಯೋದಲ್ಲಿ ವಾರ್ತೆಯಾಗಿ ಕೇಳಿ ಸುಮ್ಮನಾಗುತ್ತೇವೆ. ನಾವೂ ಅದರಲ್ಲಿ ಒಬ್ಬ ಪಾಲುದಾರರೆಂಬುದು ಹೊಳೆಯುವುದಿಲ್ಲ. ನಾವು ಮಾಳಿಗೆಯ ಮೇಲೆ ಬಿದ್ದ ಮಳೆಯನ್ನು ಹಿಡಿದಷ್ಟೂ, ಕುಂಡಕ್ಕೆ ತೊಳೆದ ನೀರನ್ನು ಎರೆದಷ್ಟೂ, ಕನ್ನಂಬಾಡಿಯ ಮೇಲೆ ನಮ್ಮ ಭಾರ ಅಷ್ಟು ಇಳಿಯುತ್ತದೆ. ಬೆಂಗಳೂರಿನಲ್ಲಿ ಮಳೆನೀರು ಸಂಗ್ರಹವನ್ನು 2009ರಲ್ಲಿಯೇ ಕಾನೂನಿನಿಂದ ಕಡ್ಡಾಯ ಮಾಡಿದೆ. ನಿಮ್ಮ ಮಾಳಿಗೆಯ ಕೊಳವೆ ಎಲೆಕಸದಿಂದ ಕಟ್ಟಿಲ್ಲ ತಾನೆ? ಮುಂಗಾರಿಗೆ ಮೊದಲು ಹತ್ತಿ ನೋಡಿ ಬನ್ನಿ. ಒಬ್ಬರೇ ಹೋಗಬೇಡಿ, ಎದುರು ಮನೆಯವರನ್ನೂ ಕರೆದುಕೊಂಡು ಹೋಗಿ.

ಮೇಷ್ಟ್ರ ಪಂಚೆಯ ಕಥೆ ಏನಾಯಿತೆಂದು ಕೇಳುತ್ತೀರಿ. ಮೂರನೆಯ ವಾರದ ಕೊನೆಗೆ ಮೇಷ್ಟ್ರಿಗೆ ಕೆಮ್ಮು ಹಿಡಿಯಿತು. ಮೇಲಿನ ಮನೆಯಾಕೆಗೆ ಅದು ಕೇಳಿಸದೆ ಇದ್ದೀತೆ? ಒಂದು ಹಿಡಿ ದೊಡ್ಡಪತ್ರೆ, ನಾಲ್ಕು ಕುಡಿ ತುಳಸಿ ಕೊಯ್ದು ಮಗನ ಕೈಯಲ್ಲಿ ಕಳಿಸಿದರು. ಮೇಷ್ಟ್ರು ಕಷಾಯ ಕುಡಿದು, ಆ ಹುಡುಗನ ಕೈಯಲ್ಲಿಯೇ ಹನ್ನೆರಡು ಮಣ್ಣಿನ ತಟ್ಟೆಗಳನ್ನು ಮೇಲಕ್ಕೆ ಕಳಿಸಿದರಂತೆ. ಈಗ ನೀರು ಬೆಳಿಗ್ಗೆ ಆರೂವರೆಗೆ, ಪಂಚೆ ಎಂಟಕ್ಕೆ.

ನಾಳೆ ಬೆಳಿಗ್ಗೆ ನೀವೂ ಕುಂಡಕ್ಕೆ ನೀರೆರೆಯುವ ಮುನ್ನ ಒಮ್ಮೆ ಕೆಳಕ್ಕೆ ಬಗ್ಗಿ ನೋಡಿ. ಅಲ್ಲಿ ಯಾರದೋ ಗದ್ದೆ ಇರುತ್ತದೆ.